ಬೆಸೆದರಾಯ್ತೇ? ಬಗ್ಗಿಸಿ ನೋಡ್ಬೇಕು!

ಸಂಡೂರು, ದೋಣಿಮಲೈ ಕಡೆ ಅದಿರು ಅಗೆಯುವ ಯಂತ್ರದ ಬಕೆಟ್ ಬಿರುಕು ಬಿಟ್ಟಿತೋ, ಕೆಲಸ ನಿಂತಂತೆಯೇ. ಆಗ ವೆಲ್ಡರ್‌ನನ್ನು ಹುಡುಕಬೇಕು. ಆದರೆ ಗೇಟು-ಗ್ರಿಲ್ ಬೆಸೆದ ಕೈಗೆ ಇದು ಒಗ್ಗೀತೇ?

ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ 1 ವರ್ಷ. ಅದು ಅಡಿಪಾಯ, ಅಷ್ಟೆ. ಬಕೆಟ್ಟಿನ ದಪ್ಪ ಗಟ್ಟಿ ಉಕ್ಕನ್ನು ಬೆಸೆಯುವ ಮೊದಲು ಹದವಾಗಿ ಕಾಯಿಸಬೇಕು. ಮ್ಯಾಂಗನೀಸ್ ಉಕ್ಕಿಗೂ ಇದೇ ಬುದ್ಧಿ ಓಡಿಸಿದರೆ ಕೆಟ್ಟಿತು. ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಪೆಡಸಾಗುತ್ತೆ. ಇನ್ನು 7018 ಎಲೆಕ್ಟ್ರೋಡು. ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟರೆ ಹಪ್ಪಳದ ಹಾಗೆ ತೇವ ಹೀರುತ್ತೆ. ಆ ತೇವದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಕೆಲವೊಮ್ಮೆ ಮರುದಿನ ಬಿರುಕು! ಅಷ್ಟರಲ್ಲಿ ವೆಲ್ಡರ್ ಕೂಲಿ ಎಣಿಸಿಕೊಂಡು ಬಸ್ ಹತ್ತಿರ್ತಾನೆ.

ಪರೀಕ್ಷೆಯಲ್ಲಿ ಬಾಯಿಮಾತು ನಡೆಯೋಲ್ಲ. ನಿಲುವಾಗಿ, ತಲೆಯ ಮೇಲೆ ಹಿಡಿದು ಬೆಸೆದ ಪ್ಲೇಟಿನಿಂದ ಪಟ್ಟಿ ಕೊಯ್ದು 'ಯು' ಆಕಾರಕ್ಕೆ ಬಗ್ಗಿಸುತ್ತಾರೆ. ಅಮೆರಿಕದ ಎ.ಡಬ್ಲ್ಯೂ.ಎಸ್. ಉಕ್ಕಿನ ಸಂಹಿತೆಯಂತೆ, ಬಾಗಿದ ಮೈಮೇಲೆ 3 ಮಿ.ಮೀ. ಮೀರಿದ ಒಂದೇ ದೋಷ ಕಂಡರೂ ಫೇಲು. ಪಾಸಾದವನೂ ಆ ವಿಧಾನದ ಬೆಸುಗೆ ಮುಟ್ಟದೆ 6 ತಿಂಗಳು ಮೀರಿ ಕೂತರೆ ಅರ್ಹತೆ ಹೋಯಿತು. ಪರೀಕ್ಷೆ ಮಾಡಿಸುವ ಹೊಣೆಯನ್ನು ಅದೇ ಸಂಹಿತೆ ಗುತ್ತಿಗೆದಾರನ ಮೇಲೆ ಹೊರಿಸಿದೆ. ಖರ್ಚಿಗೆಂದು ಹುಡುಗರ ಜೇಬಿಗೆ ಕೈ ಹಾಕಿದರೆ ಅದ್ಯಾವ ನ್ಯಾಯ ಸ್ವಾಮೀ?