ಗ್ಲುಟೆನ್‌ಗೆ ಕೆಲಸವಿಲ್ಲದ ತಿನಿಸು: ಹಣ್ಣಿನ ಹೂರಣದ ಕುಕೀ ಬಾರ್

ಗ್ಲುಟೆನ್ ತಿನ್ನಬಾರದವರ ಮನೆಯಲ್ಲಿ ಬೇಕಿಂಗ್ ಹೆಚ್ಚಾಗಿ ಬ್ರೆಡ್ಡಿನಿಂದ ಶುರುವಾಗುತ್ತದೆ, ಅಲ್ಲಿಯೇ ನಿಂತೂ ಹೋಗುತ್ತದೆ. ಅಕ್ಕಿ ಹಿಟ್ಟಿನ ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ. ಉಬ್ಬಿದರೂ ಆರುವಾಗ ಕುಸಿಯುತ್ತದೆ, ಮರುದಿನ ಚಾಕು ತಾಗಿಸಿದರೆ ಪುಡಿಪುಡಿ. ಗೋಧಿ ಬಿಟ್ಟ ಮೇಲೆ ಓವನ್ನಿನ ಆಸೆಯನ್ನೂ ಬಿಡಬೇಕು ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ತೊಡಕು ಇರುವುದು ಅವರು ಮೊದಲು ಆರಿಸಿಕೊಂಡ ತಿನಿಸಿನಲ್ಲಿ. ಗ್ಲುಟೆನ್ ಎಲ್ಲಿ ದುಡಿಯುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ತಿಳಿದುಕೊಂಡು ಹೊರಟರೆ, ಮೊದಲು ಮಾಡಬೇಕಾದದ್ದು ಹಣ್ಣಿನ ಹೂರಣವಿಟ್ಟ ಕುಕೀ ಬಾರ್ ಎಂಬುದು ಈ ಅಧ್ಯಾಯದ ವಾದ. ಗೋಧಿಯಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಸೇರಿ ನಾದಿಸಿಕೊಂಡಾಗ ಇವೆರಡೂ ಹೆಣೆದುಕೊಂಡು ಎಳೆದರೆ ಹಿಗ್ಗುವ ಬಲೆಯಾಗುತ್ತವೆ, ಅದೇ ಗ್ಲುಟೆನ್. ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನೆನೆಸಿಟ್ಟು, ಹರಿಯದಂತೆ ಹೂರಣದ ಸುತ್ತ ಎಳೆದು, ತೆಳುವಾಗಿ ತಟ್ಟುವುದು ಸಾಧ್ಯವಾಗುವುದು ಈ ಬಲೆಯಿಂದ. ಬ್ರೆಡ್ಡಿನಲ್ಲಿ ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಡುವುದೂ ಇದೇ. ಆದರೆ ತಟ್ಟೆಯಲ್ಲಿ ಒತ್ತಿ ಹರಡಿದ ಹಿಟ್ಟಿನ ಮೇಲೆ ಹೂರಣ ಸವರಿ, ಮತ್ತೆ ಹಿಟ್ಟು ಉದುರಿಸಿ ಬೇಯಿಸುವ ಬಾರ್‌ನಲ್ಲಿ ಎಳೆಯುವುದೂ ಇಲ್ಲ, ಉಬ್ಬಿಸುವುದೂ ಇಲ್ಲ.

ಇದಕ್ಕೆ ಸಾಕ್ಷಿ ಮೈದಾ ಬಳಸುವ ಬೇಕರಿಗಳಲ್ಲೇ ಇದೆ. ನಮ್ಮೂರ ಬೇಕರಿಯ ಬೆಣ್ಣೆ ಬಿಸ್ಕತ್ತನ್ನಾಗಲಿ ನಾನ್‌ಖಟಾಯಿಯನ್ನಾಗಲಿ ಮಾಡುವಾಗ ಹಿಟ್ಟನ್ನು ಯಾರೂ ನಾದುವುದಿಲ್ಲ. ಬೆಣ್ಣೆ ಅಥವಾ ಡಾಲ್ಡಾ ಜೊತೆ ಬೆರಳಲ್ಲಿ ಬೆರೆಸಿ ಅಷ್ಟಕ್ಕೇ ಬಿಡುತ್ತಾರೆ. ಕೊಬ್ಬು ಹಿಟ್ಟಿನ ಕಣಗಳ ಸುತ್ತ ಲೇಪವಾಗಿ ನೀರು ಒಳಗಿಳಿಯದಂತೆ ತಡೆಯುತ್ತದೆ. ಸಕ್ಕರೆ ಇದ್ದಬದ್ದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡೂ ಸೇರಿ ಗ್ಲುಟೆನ್ ಬಲೆ ಕಟ್ಟಿಕೊಳ್ಳಲು ಬಿಡುವುದಿಲ್ಲ, ಅದಕ್ಕೇ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತದೆ. ಅಪ್ಪಿತಪ್ಪಿ ಹೆಚ್ಚು ನಾದಿದರೆ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಗೋಧಿ ಹಿಟ್ಟಿನಲ್ಲೂ ಪ್ರಯತ್ನಪಟ್ಟು ತಡೆಯಬೇಕಾದ ಗುಣ ಜೋಳದ ಹಿಟ್ಟಿನಲ್ಲಿ ಹುಟ್ಟಿನಿಂದಲೇ ಇಲ್ಲ ಎಂದರೆ ಅದನ್ನು ಕೊರತೆ ಎನ್ನುವುದು ಹೇಗೆ? ಹಣ್ಣಿನ ಬಾರ್‌ಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಫಿಗ್ ನ್ಯೂಟನ್ 1891ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೆನಡಿ ಬಿಸ್ಕೆಟ್ ಕಂಪನಿಯಲ್ಲಿ ತಯಾರಾಗತೊಡಗಿತು. ಒಂದು ಆಲಿಕೆಯೊಳಗೆ ಇನ್ನೊಂದು ಆಲಿಕೆಯಿದ್ದ ಯಂತ್ರದಿಂದ ಹೊರಗೆ ಹಿಟ್ಟು, ಒಳಗೆ ಅಂಜೂರದ ಹೂರಣ ಉದ್ದಕ್ಕೆ ಒಟ್ಟಿಗೇ ಬರುತ್ತಿತ್ತು. ಅಲ್ಲಿ ಹೊದಿಕೆ ಬಿರಿಯದೆ ಸುತ್ತಿಕೊಳ್ಳಬೇಕಾದ್ದರಿಂದ ಮೈದಾ ಉಪಯೋಗಕ್ಕೆ ಬಂತು. ಮನೆಯಲ್ಲಿ ಆ ಯಂತ್ರವೂ ಇಲ್ಲ, ಸುತ್ತುವ ಅಗತ್ಯವೂ ಇಲ್ಲ. ತಟ್ಟೆಯ ನಾಲ್ಕು ಅಂಚುಗಳೇ ಆಕಾರ ಹಿಡಿದುಕೊಳ್ಳುತ್ತವೆ.

ಇಷ್ಟೆಲ್ಲ ಯಾರಿಗಾಗಿ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಸೀಲಿಯಾಕ್ ಕಾಯಿಲೆ ಇರುವವರ ದೇಹ ಗ್ಲುಟೆನ್ ಕಂಡೊಡನೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಮಕ್ಕಳು ಬೆಳೆಯುವುದಿಲ್ಲ, ರಕ್ತಹೀನತೆ ಬಿಡುವುದಿಲ್ಲ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಲ್ಲಿ ಇದಿದೆ. ಅನ್ನ ತಿನ್ನುವ ದಕ್ಷಿಣದಲ್ಲಿ ಪ್ರಮಾಣ ಬಹಳ ಕಡಿಮೆ, ಹಾಗಾಗಿ ಇಲ್ಲಿ ಅನುಮಾನವೂ ತಡವಾಗಿ ಬರುತ್ತದೆ. ಈ ಕಾಯಿಲೆಯ ಕಾರಣ ತಿಳಿದ ಕಥೆಯಲ್ಲಿ ಹಣ್ಣಿಗೆ ಒಂದು ವಿಚಿತ್ರ ಪಾತ್ರವಿದೆ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಆ ಪಥ್ಯದಲ್ಲಿ ಬ್ರೆಡ್ಡೂ ಇರಲಿಲ್ಲ, ಧಾನ್ಯಗಳೂ ಇರಲಿಲ್ಲ, ಆದರೆ ಹೆಸರು ಬಂದದ್ದು ಬಾಳೆಹಣ್ಣಿಗೆ. ನಿಜವಾದ ಕಾರಣ ಹಿಡಿದವರು ನೆದರ್ಲೆಂಡ್ಸ್‌ನ ವಿಲೆಮ್ ಡಿಕೆ. 1944–45ರ ಚಳಿಗಾಲದಲ್ಲಿ ಆ ದೇಶವನ್ನು ಕಾಡಿದ ಬರಗಾಲಕ್ಕೂ ಮೊದಲೇ ಅವರಿಗೆ ಗೋಧಿಯ ಮೇಲೆ ಗುಮಾನಿಯಿತ್ತು. ಬ್ರೆಡ್ಡಿಗೆ ಕೊರತೆಯಾದ ಆ ದಿನಗಳ ಅನುಭವ ಅದನ್ನು ಬಲಪಡಿಸಿತು, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಅದನ್ನು ಮಂಡಿಸಿದರು. ಗೋಧಿಯ ಜೊತೆ ಬಾರ್ಲಿ ಮತ್ತು ರೈ ಕೂಡ ವರ್ಜ್ಯ. ಮೈದಾ ಗೋಧಿಯ ರೂಪವೇ, ರವೆ, ಶಾವಿಗೆ ಕೂಡ ಹೆಚ್ಚಾಗಿ ಗೋಧಿಯವೇ. ಅಂದಹಾಗೆ, ಅನುಮಾನ ಬಂದ ಕೂಡಲೇ ಚಪಾತಿ ಬಿಟ್ಟುಬಿಡಬಾರದು. ಮೊದಲು ರಕ್ತಪರೀಕ್ಷೆ ಆಗಬೇಕು, ವೈದ್ಯರು ಹೇಳಿದರೆ ಎಂಡೋಸ್ಕೋಪಿಯೂ. ಗ್ಲುಟೆನ್ ಬಿಟ್ಟು ಬಹಳ ದಿನಗಳಾದರೆ ಕಾಯಿಲೆ ಇದ್ದೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಗ್ಲುಟೆನ್‌ಗೆ ಬಾರ್‌ನಲ್ಲಿ ಕೆಲಸವಿಲ್ಲ ಎನ್ನುವುದಾದರೆ, ಅಕ್ಕಿ ಹಿಟ್ಟಿನಲ್ಲಿ ಮಾಡಿದ ಬಾರ್ ಕೈಗೆತ್ತಿಕೊಂಡರೆ ಉದುರುವುದೇಕೆ, ನಾಲಗೆಗೆ ಮರಳು ಮರಳಾಗುವುದೇಕೆ? ಎಳೆಯುವ ಬಲ ಬೇಡವಾದರೂ ಕಣಕ್ಕೆ ಕಣ ಅಂಟಿಸುವುದೊಂದು ಬೇಕು, ನಿಜ. ಮೈದಾದಲ್ಲಿ ಅರೆಬರೆ ಕಟ್ಟಿಕೊಂಡ ಗ್ಲುಟೆನ್ ಅಷ್ಟು ಮಾಡಿಬಿಡುತ್ತದೆ. ಆದರೆ ಅಂಟಿಸುವುದು ಗೋಧಿಯೊಂದರ ಗುಣವಲ್ಲವೆಂದು ಉತ್ತರ ಕರ್ನಾಟಕದ ಪ್ರತಿಯೊಂದು ಅಡುಗೆಮನೆಗೂ ಗೊತ್ತು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ತಟ್ಟಿದರೆ ರೊಟ್ಟಿ ಹರಿಯುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟಿಗೆ ಜಿಗಿ ಬರುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಊದಿ, ಬಿರಿದು ಗಂಜಿಯಾಗುತ್ತವೆ, ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿಯುತ್ತದೆ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಉಕ್ಕರಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಪಾಶ್ಚಾತ್ಯ ಪಾಕಪುಸ್ತಕಗಳು ಇಲ್ಲಿ ಕ್ಸಾಂಥನ್ ಗಮ್ ಹೇಳುತ್ತವೆ. ಅದು ಬ್ಯಾಕ್ಟೀರಿಯಾದಿಂದ ತಯಾರಿಸುವ ಒಳ್ಳೆಯ ಅಂಟೇ ಹೌದು, ಆದರೆ ಪ್ರತಿ ಊರಿನ ಅಂಗಡಿಯಲ್ಲಿ ಸಿಗದ ಒಂದು ಪುಡಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಹಿಟ್ಟಿನ ಒಂದು ಪಾಲನ್ನು ಕುದಿನೀರಿನಲ್ಲಿ ಬೇಯಿಸಿಕೊಂಡರೆ ಸಾಕು. ಅದೂ ಬೇಡವೆಂದರೆ ಔಷಧಿ ಅಂಗಡಿಯ ಇಸಬಗೋಲಿನ ಹೊಟ್ಟು ಒಂದು ದೊಡ್ಡ ಚಮಚ ನೀರಲ್ಲಿ ಕಲಸಿ ಹಾಕಬಹುದು. ಮರಳು ಮರಳಾಗುವುದಕ್ಕೆ ಕಾರಣ ಬೇರೆ: ಅಕ್ಕಿಯ ಗಡಸು ಕಣಗಳಿಗೆ ನೀರು ಇಳಿಯಲು ಸಮಯ ಬೇಕು. ಹಿಟ್ಟು ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ, ನುಣ್ಣಗೆ ಬೀಸಿದ್ದನ್ನು ಜರಡಿ ಹಿಡಿದು ಬಳಸಿದರೆ ಆ ದೂರು ಬಹುಮಟ್ಟಿಗೆ ಹೋಗುತ್ತದೆ.

ನನ್ನ ಎಣಿಕೆಯಲ್ಲಿ ಹಿಟ್ಟಿಗಿಂತ ಹೆಚ್ಚು ಬಾರ್‌ಗಳನ್ನು ಕೆಡಿಸುವುದು ಹೂರಣ. ತಾಜಾ ಅನಾನಸಿನಲ್ಲಿ ನೂರಕ್ಕೆ 86ರಷ್ಟು ನೀರೇ ಇದೆ. ಖರ್ಜೂರದಲ್ಲಿ ಸುಮಾರು 20. ನೀರು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಇಳಿಯುತ್ತಲೇ ಇರುತ್ತದೆ, ಬೇಯುವಾಗಲೂ, ಡಬ್ಬಿಯಲ್ಲಿಟ್ಟ ಮೇಲೂ. ಗ್ಲುಟೆನ್ ಇಲ್ಲದ ತಳಕ್ಕೆ ಆ ನೀರನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ, ಬೇಗ ಮೆತ್ತಗಾಗಿ ಮುರಿಯುತ್ತದೆ. ಆದ್ದರಿಂದ ಮೊದಲ ಸಲ ಖರ್ಜೂರ ಅಥವಾ ಒಣ ಅಂಜೂರವೇ ಸರಿ. ಬನವಾಸಿ ಕಡೆಯ ಅನಾನಸ್ ಬುಟ್ಟಿ ತುಂಬ ಸಿಗುವ ಕಾಲದಲ್ಲಿ ಅದನ್ನು ಬಿಡಲು ಮನಸ್ಸು ಬಾರದು, ಬಿಡಲೂಬೇಕಾಗಿಲ್ಲ. ಆದರೆ ತುರಿದು, ಸಕ್ಕರೆ ಹಾಕಿ, ಸೌಟು ಎಳೆದಾಗ ಬಾಣಲೆಯ ತಳ ಕಂಡು ಮೆಲ್ಲಗೆ ಮುಚ್ಚಿಕೊಳ್ಳುವವರೆಗೆ ಕಾಯಿಸಬೇಕು. ಅನಾನಸಿನಲ್ಲಿ ಪೆಕ್ಟಿನ್ ಕಡಿಮೆಯಿರುವುದರಿಂದ ತಾನಾಗಿ ಹೆಪ್ಪುಗಟ್ಟುವುದಿಲ್ಲ. ಪೆಕ್ಟಿನ್ ಧಾರಾಳವಾಗಿರುವ ಸೀಬೆಹಣ್ಣಿನ ತಿರುಳನ್ನು ಸ್ವಲ್ಪ ಸೇರಿಸಿದರೆ ಬೇಗ ಗಟ್ಟಿಯಾಗುತ್ತದೆ. ಯಾವ ಹೂರಣವನ್ನೂ ಬಿಸಿಯಾಗಿ ಸುರಿಯಬಾರದು, ಹಸಿ ತಳದ ಮೇಲಂತೂ ಹರಡಲೇಬಾರದು. ತಳ ಮೊದಲು ಅರ್ಧ ಬೆಂದಿರಬೇಕು.

ಅಳತೆ ಹೀಗೆ. 20 ಸೆಂಟಿಮೀಟರಿನ ಚೌಕ ತಟ್ಟೆಗೆ 140 ಗ್ರಾಂ ಜೋಳದ ಹಿಟ್ಟು, 60 ಗ್ರಾಂ ಅಕ್ಕಿ ಹಿಟ್ಟು, 40 ಗ್ರಾಂ ಬಾದಾಮಿ ಅಥವಾ ಹುರಿದ ಶೇಂಗಾ ಪುಡಿ, 80 ಗ್ರಾಂ ಸಕ್ಕರೆ ಪುಡಿ, 120 ಗ್ರಾಂ ತಣ್ಣನೆಯ ಬೆಣ್ಣೆ, ಚಿಟಿಕೆ ಉಪ್ಪು. ಬೆಣ್ಣೆಯ ಬದಲು ಗಟ್ಟಿ ತುಪ್ಪವಾದರೆ 100 ಗ್ರಾಂ ಸಾಕು, ಅದರಲ್ಲಿ ನೀರಿನಂಶ ಇರುವುದಿಲ್ಲ. ಜೋಳದ ಹಿಟ್ಟಿನಲ್ಲಿ 25 ಗ್ರಾಂ ತೆಗೆದು 50 ಮಿಲಿಲೀಟರ್ ಕುದಿನೀರು ಹಾಕಿ ಕಲಸಿ ಪೂರ್ತಿ ಆರಲು ಬಿಡಿ, ಬಿಸಿಯಾಗಿದ್ದರೆ ಬೆಣ್ಣೆ ಕರಗಿ ಎಲ್ಲ ಜಿಡ್ಡಾಗುತ್ತದೆ. ಉಳಿದ ಹಿಟ್ಟು, ಪುಡಿ, ಸಕ್ಕರೆ, ಉಪ್ಪು ಬೆರೆಸಿ ಅದಕ್ಕೆ ಬೆಣ್ಣೆಯನ್ನು ಬೆರಳಲ್ಲಿ ಉಜ್ಜಿ, ಆರಿದ ಗಂಜಿಹಿಟ್ಟನ್ನು ಸೇರಿಸಿ ಒಗ್ಗೂಡಿಸಿ ಅರ್ಧ ಗಂಟೆ ಮುಚ್ಚಿಡಿ. ಅಷ್ಟರಲ್ಲಿ ಬೀಜ ತೆಗೆದ 250 ಗ್ರಾಂ ಖರ್ಜೂರವನ್ನು 150 ಮಿಲಿಲೀಟರ್ ನೀರಿನಲ್ಲಿ ಬೇಯಿಸಿ, ಮಸೆದು, ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ ಆರಿಸಿ. ಬೆಣ್ಣೆಕಾಗದ ಹಾಸಿದ ತಟ್ಟೆಯಲ್ಲಿ ಹಿಟ್ಟಿನ ಮೂರರಲ್ಲಿ ಎರಡು ಪಾಲನ್ನು ಒತ್ತಿ, ಫೋರ್ಕಿನಿಂದ ಚುಚ್ಚಿ, 180 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ. ಮೇಲೆ ಹೂರಣ ಸವರಿ, ಉಳಿದ ಹಿಟ್ಟನ್ನು ಉದುರಿಸಿ ಇನ್ನೂ 25ರಿಂದ 30 ನಿಮಿಷ. ಜೋಳ ಬಣ್ಣ ತಿರುಗಿದ್ದು ಅಷ್ಟಾಗಿ ಕಾಣುವುದಿಲ್ಲ, ಅಂಚು ನೋಡಿ ತೀರ್ಮಾನಿಸಬೇಕು. ಓವನ್ನಿಂದ ತೆಗೆದ ಕೂಡಲೇ ಕತ್ತರಿಸಿದರೆ ಎಲ್ಲ ಶ್ರಮವೂ ವ್ಯರ್ಥ: ಬೆಣ್ಣೆ ಗಟ್ಟಿಯಾಗುವವರೆಗೆ, ಪಿಷ್ಟ ಬಿಗಿಯಾಗುವವರೆಗೆ ಬಾರ್‌ಗೆ ಬಲ ಬರುವುದಿಲ್ಲ. ಕೆಲವು ಗಂಟೆ ಬಿಟ್ಟು 16 ತುಂಡು ಮಾಡಿ.

ಲಾಡು, ಚಿಕ್ಕಿ, ತಂಬಿಟ್ಟು ಇರುವ ನಾಡಿನಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಅವೆಲ್ಲ ಇರಲಿ, ದಿನವೂ ಇರಲಿ. ಆದರೆ ಗೆಳೆಯನ ಹುಟ್ಟುಹಬ್ಬದಲ್ಲಿ ಎಲ್ಲರೂ ಕೇಕ್ ತಿನ್ನುವಾಗ ಒಂದು ಮಗು ಮಾತ್ರ ಬೇರೆ ಡಬ್ಬಿ ತೆಗೆಯಬೇಕಾಗುವುದು ಸಣ್ಣ ನೋವಲ್ಲ. ಎಲ್ಲ ಮಕ್ಕಳೂ ಕೈಚಾಚುವ ಓವನ್ ತಿಂಡಿಯೊಂದನ್ನು ಆ ಮಗುವೇ ತಂದು ಹಂಚುವಂತಾದರೆ ಮನೆಯವರು ಪಟ್ಟ ಕಷ್ಟಕ್ಕೆ ಬೆಲೆಯಿದೆ. ಹಾಗೆಂದು ಇದನ್ನು ಆರೋಗ್ಯದ ತಿಂಡಿ ಎಂದು ಮಾರುವ ಮಾತನ್ನು ಒಪ್ಪಲಾಗದು. ಗ್ಲುಟೆನ್ ಒಗ್ಗುವವರಿಗೆ ಅದನ್ನು ಬಿಡುವುದರಿಂದ ಲಾಭವಿಲ್ಲ. ಖರ್ಜೂರದ ತೂಕದಲ್ಲಿ ಮೂರನೇ ಎರಡು ಪಾಲಿನಷ್ಟು ಸಕ್ಕರೆಯೇ. ಮೇಲಿನ ಅಳತೆಯ ಒಂದು ತುಂಡಿನಲ್ಲಿ ಎಲ್ಲ ಸೇರಿ ಸುಮಾರು 15 ಗ್ರಾಂ ಸಕ್ಕರೆ ಬರುತ್ತದೆ, ಮೂರು ಟೀ ಚಮಚಕ್ಕೂ ಮಿಗಿಲು. ಸೀಲಿಯಾಕ್ ಇರುವ ಮಕ್ಕಳಲ್ಲಿ ಟೈಪ್ 1 ಮಧುಮೇಹವೂ ಜೊತೆಗಿರುವುದುಂಟು, ಅಂಥ ಮನೆಗಳಲ್ಲಿ ಈ ಲೆಕ್ಕ ಬಾಯಿಪಾಠವಾಗಿರಬೇಕು.

ಇನ್ನುಳಿದ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರ: ಮನೆಯಲ್ಲಿ ಮಾಡಿದ್ದು ನಿಜಕ್ಕೂ ಗ್ಲುಟೆನ್‌ರಹಿತವೇ? ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವೂ ಭಾರತದ ಆಹಾರ ಸುರಕ್ಷತಾ ನಿಯಮವೂ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಎಂಬ ಮಿತಿ ಇಟ್ಟಿವೆ. ಒಂದು ಗ್ರಾಂ ಮೈದಾದಲ್ಲಿ ಸುಮಾರು 100 ಮಿಲಿಗ್ರಾಂ ಪ್ರೋಟೀನಿದ್ದು, ಅದರಲ್ಲಿ 80ರಷ್ಟು ಗ್ಲುಟೆನ್. ಅಂದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಅರ್ಧ ಟೀ ಚಮಚಕ್ಕೂ ಕಡಿಮೆ ಮೈದಾ ಸೇರಿದರೆ ಮಿತಿಯ ನಾಲ್ಕು ಪಟ್ಟು ದಾಟಿದಂತೆ. ಬೀದಿಯ ಗಿರಣಿಯಲ್ಲಿ ನಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿನಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದದ್ದೇ ಅದಕ್ಕಿಂತ ಹೆಚ್ಚಿರುತ್ತದೆ. ಗಿರಣಿಯವರನ್ನು ದೂರಿ ಫಲವಿಲ್ಲ, ಅವರ ಯಂತ್ರ ಇರುವುದೇ ಎಲ್ಲ ಧಾನ್ಯಕ್ಕೂ. ಜೋಳ, ಅಕ್ಕಿಯನ್ನು ಆರಿಸಿ, ತೊಳೆದು ಒಣಗಿಸಿ, ಗೋಧಿ ಕಾಣದ ಮಿಕ್ಸಿ ಜಾರಿನಲ್ಲೋ ಮನೆಯ ಚಿಕ್ಕ ಹಿಟ್ಟಿನ ಯಂತ್ರದಲ್ಲೋ ಬೀಸಿಕೊಳ್ಳುವುದೇ ದಾರಿ. ಓಟ್ಸ್ ಬಗ್ಗೆ ಎಚ್ಚರ ಬೇಕು: ಹೆಚ್ಚಿನವರಿಗೆ ಶುದ್ಧ ಓಟ್ಸ್ ಒಗ್ಗುತ್ತದಾದರೂ ಸಾಮಾನ್ಯ ಪೊಟ್ಟಣಗಳಲ್ಲಿ ಗೋಧಿ, ಬಾರ್ಲಿ ಬೆರೆತಿರುವ ಸಂಭವ ಬಹಳ. ಹೆಚ್ಚಿಟ್ಟ ಖರ್ಜೂರದ ತುಂಡುಗಳಿಗೆ ಅಂಟಿಕೊಳ್ಳದಿರಲೆಂದು ಕೆಲವೊಮ್ಮೆ ಹಿಟ್ಟು ಉದುರಿಸಿರುತ್ತಾರೆ, ಇಡೀ ಖರ್ಜೂರ ತಂದು ಮನೆಯಲ್ಲೇ ಬೀಜ ತೆಗೆಯುವುದು ಕ್ಷೇಮ. ಮರದ ಲಟ್ಟಣಿಗೆ, ಹಳೆಯ ಜರಡಿ, ಗೀರು ಬಿದ್ದ ಬೇಕಿಂಗ್ ತಟ್ಟೆಗಳ ಸಂದಿಯಲ್ಲಿ ಕುಳಿತ ಹಿಟ್ಟು ತೊಳೆದರೂ ಹೋಗುವುದಿಲ್ಲ. ಈ ಮೂರನ್ನೂ ಬೇರೆಯೇ ಕೊಂಡು, ಹೆಸರು ಬರೆದು, ಚಪಾತಿ ಮಣೆಯಿಂದ ದೂರದ ಕಪಾಟಿನಲ್ಲಿಡಬೇಕು; ಚಪಾತಿ ಲಟ್ಟಿಸಿದ ದಿನ ಬಾರ್ ಮಾಡುವುದಿದ್ದರೆ ಬಾರ್ ಮೊದಲು, ಚಪಾತಿ ನಂತರ.