ದೊಡ್ಡ ಕ್ರೂಸರ್ ಬೈಕ್: ಭಾರ ಹೆಚ್ಚಿದ್ದರೆ ಸುರಕ್ಷತೆಯೂ ಹೆಚ್ಚೇ?

"ಗಾಡಿ ಭಾರ ಇದ್ದಷ್ಟೂ ರಸ್ತೆಗೆ ಅಂಟಿಕೊಂಡು ಹೋಗುತ್ತದೆ." "ದೂರ ಹೋಗಬೇಕೆಂದರೆ ಕಡಿಮೆ ಅಂದರೂ 650 ಸಿಸಿ ಬೇಕು." "ಸೀಟು ತಗ್ಗಾಗಿದೆ, ಯಾರು ಬೇಕಾದರೂ ಓಡಿಸಬಹುದು." ದೊಡ್ಡ ಕ್ರೂಸರ್ ಬೈಕ್ ಕೊಳ್ಳುವ ಮಾತು ಬಂದಾಗಲೆಲ್ಲ ಈ ಮೂರು ಮಾತುಗಳು ಕಿವಿಗೆ ಬೀಳುತ್ತವೆ. ಇವು ಬರೀ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇವನ್ನು ನಂಬಿ ಜನರು ಲಕ್ಷಾಂತರ ರೂಪಾಯಿ ಹಾಕುತ್ತಾರೆ, ಎಷ್ಟೋ ಮನೆಗಳಲ್ಲಿ ಅದು ಸಾಲದ ಹಣ. ಆಮೇಲೆ ಆ ಬೈಕಿನ ಹಿಂದಿನ ಸೀಟಿನಲ್ಲಿ ಹೆಂಡತಿಯೋ ತಂಗಿಯೋ ಕೂರುತ್ತಾರೆ. ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜ ಎಂದು ನೋಡೋಣ. ಉದಾಹರಣೆಗೆ ಹಾವೇರಿ ಜಿಲ್ಲೆಯ ಗುತ್ತಲದಲ್ಲಿರುವ ಒಬ್ಬ ಕೊಳ್ಳುಗರನ್ನು ಕಲ್ಪಿಸಿಕೊಳ್ಳೋಣ. ಅವರ ಮನೆಯ ಸುತ್ತ ಹಳ್ಳಿ ರಸ್ತೆಗಳಿವೆ. ಹಾವೇರಿಗೋ ರಾಣೇಬೆನ್ನೂರಿಗೋ ಹೋದರೆ ಬೆಂಗಳೂರು-ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಸಿಗುತ್ತದೆ. ಎರಡೂ ಬಗೆಯ ರಸ್ತೆಗೆ ಅವರ ಬೈಕ್ ಒಂದೇ.

ಕ್ರೂಸರ್ ಎಂದರೇನು?

ತಗ್ಗಿನ ಸೀಟು, ಮುಂದಕ್ಕೆ ಚಾಚಿದ ಫುಟ್‌ರೆಸ್ಟ್, ಸವಾರನ ಕಡೆಗೆ ಬಾಗಿದ ಅಗಲ ಹ್ಯಾಂಡಲ್, ಎರಡು ಗಾಲಿಗಳ ನಡುವೆ ಹೆಚ್ಚು ಅಂತರ, ಕಡಿಮೆ ವೇಗದಲ್ಲೇ ಚೆನ್ನಾಗಿ ಎಳೆಯುವ ಎಂಜಿನ್. ಇವು ಕ್ರೂಸರ್‌ನ ಗುರುತುಗಳು. ಇದಕ್ಕೆ ಗಾಳಿ ತಡೆಯುವ ಗಾಜು, ಸಾಮಾನಿನ ಪೆಟ್ಟಿಗೆ, ಹಿಂದೆ ಕೂರುವವರಿಗೆ ಬೆನ್ನೊರಗು ಸೇರಿದರೆ ಟೂರಿಂಗ್ ಕ್ರೂಸರ್. ಈ ವಿನ್ಯಾಸ ಬೆಳೆದದ್ದು ಅಮೆರಿಕದ ನೇರವಾದ, ಉದ್ದನೆಯ ರಸ್ತೆಗಳಲ್ಲಿ.

ನಮ್ಮಲ್ಲಿ ಹೆಚ್ಚು ಕಾಣುವ ಎರಡನ್ನು ಹೋಲಿಕೆಗೆ ಇಟ್ಟುಕೊಳ್ಳೋಣ. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ತೂಕ 191 ಕೆಜಿ, ಶಕ್ತಿ ಸುಮಾರು 20 ಅಶ್ವಶಕ್ತಿ. 2023ರಲ್ಲಿ ಬಂದ ಅದೇ ಕಂಪನಿಯ ಸೂಪರ್ ಮೀಟಿಯರ್ 650 ತೂಗುವುದು 241 ಕೆಜಿ, ಶಕ್ತಿ ಸುಮಾರು 47 ಅಶ್ವಶಕ್ತಿ.

ದೂರ ಹೋಗಲು ಎಷ್ಟು ಶಕ್ತಿ ಬೇಕು?

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ಎರಡನ್ನು ಮಾತ್ರ ಎದುರಿಸಬೇಕು: ಗಾಳಿಯ ತಡೆ ಮತ್ತು ಟೈರಿನ ತಡೆ. ಬೈಕ್, ಇಬ್ಬರು ಜನ, ಸಾಮಾನು ಎಲ್ಲ ಸೇರಿ 400 ಕೆಜಿ ಎಂದು ಹಿಡಿದು ನಾವು ಲೆಕ್ಕ ಹಾಕಿದರೆ, ಗಂಟೆಗೆ 80 ಕಿ.ಮೀ. ವೇಗಕ್ಕೆ ಸುಮಾರು 8 ಅಶ್ವಶಕ್ತಿ ಸಾಕು. 100 ಕಿ.ಮೀ.ಗೆ ಸುಮಾರು 13 ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಮೋಟಾರ್‌ಸೈಕಲ್‌ಗೆ ಇರುವ ಗರಿಷ್ಠ ಮಿತಿಯೇ 80 ಕಿ.ಮೀ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1978ರಲ್ಲಿ ಹೊರಬಂದ ಯೆಜ್ಡಿ ರೋಡ್‌ಕಿಂಗ್ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅದು 250 ಸಿಸಿ, 16 ಅಶ್ವಶಕ್ತಿಯ ಬೈಕ್. ಒಂದು ತಲೆಮಾರು ದೂರದ ಊರುಗಳಿಗೆ ಹೋಗಿಬಂದದ್ದು ಇಂಥ ಬೈಕುಗಳ ಮೇಲೆಯೇ.

ಹಾಗಾದರೆ ಹೆಚ್ಚಿನ ಶಕ್ತಿ ವ್ಯರ್ಥವೇ? ಅಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ದಾಟುವಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಅದು ಕೆಲಸಕ್ಕೆ ಬರುತ್ತದೆ. ಎರಡು ಸಿಲಿಂಡರಿನ ಎಂಜಿನ್ ಅದೇ 80ರ ವೇಗದಲ್ಲಿ ಹೆಚ್ಚು ನಿರಾಳವಾಗಿ ಓಡುತ್ತದೆ, ಕೈಗೆ ನಡುಕ ಕಡಿಮೆ. ಇದು ಆರಾಮದ ಪ್ರಶ್ನೆ. ಅದಿಲ್ಲದೆ ದೂರ ಹೋಗಲಾಗದು ಎಂಬುದು ಮಾತ್ರ ಸುಳ್ಳು.

ಭಾರದ ಬೈಕ್ ರಸ್ತೆಗೆ ಅಂಟಿಕೊಳ್ಳುತ್ತದೆಯೇ?

ಓಡುವ ಬೈಕನ್ನು ನೆಟ್ಟಗೆ ಹಿಡಿದಿಡುವುದು ಅದರ ತೂಕವಲ್ಲ. ವೇಗ, ಮುಂಗಾಲಿಯ ಜೋಡಣೆ, ಭಾರ ಎಲ್ಲೆಲ್ಲಿ ಹಂಚಿದೆ ಎಂಬುದು, ಇವೆಲ್ಲ ಸೇರಿ ಆ ಕೆಲಸ ಮಾಡುತ್ತವೆ. ಬೈಕ್ ಒಂದು ಕಡೆ ವಾಲಿದಾಗ ಮುಂಗಾಲಿ ಅದೇ ಕಡೆಗೆ ತಾನಾಗಿ ತಿರುಗಿ ಅದನ್ನು ಮತ್ತೆ ಎತ್ತುತ್ತದೆ. ಹದಿನೈದು ಕೆಜಿಯ ಸೈಕಲ್ ಕೂಡ ಹೀಗೆಯೇ ನಿಲ್ಲುತ್ತದೆ. ಒಂದು ವಿಷಯದಲ್ಲಿ ಮಾತ್ರ ತೂಕ ನೆರವಾಗುತ್ತದೆ: ಪಕ್ಕದಲ್ಲಿ ಲಾರಿ ಹಾದುಹೋದಾಗ ಬೀಸುವ ಗಾಳಿಗೆ ಭಾರದ ಬೈಕ್ ಕಡಿಮೆ ಅಲುಗುತ್ತದೆ.

ಬ್ರೇಕ್ ಹಾಕಿದಾಗ ಏನಾಗುತ್ತದೆ? ತೂಕ ಹೆಚ್ಚಾದರೆ ಟೈರಿಗೆ ಸಿಗುವ ಹಿಡಿತವೂ ಹೆಚ್ಚುತ್ತದೆ, ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿದೂಗಿ ಹೋಗುತ್ತವೆ. ಒಣಗಿದ ಟಾರ್ ರಸ್ತೆಯಲ್ಲಿ, ಒಳ್ಳೆಯ ಟೈರ್ ಇದ್ದು ಎರಡೂ ಬ್ರೇಕ್ ಸರಿಯಾಗಿ ಹಾಕಿದರೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು, 80ರಿಂದ ನಿಲ್ಲಲು ಸುಮಾರು 36 ಮೀಟರ್. ಅಪಾಯ ಕಂಡು ಬ್ರೇಕ್ ಹಿಡಿಯುವ ಒಂದು ಸೆಕೆಂಡ್ ಸೇರಿಸಿದರೆ ಈ ದೂರ 37 ಮತ್ತು 58 ಮೀಟರ್ ಆಗುತ್ತದೆ. ಇದನ್ನು ಹೆಚ್ಚಿಸುವುದು ವೇಗ, ಕಡಿಮೆ ಮಾಡುವುದು ಬೈಕಿನ ತೂಕವಲ್ಲ.

ಇನ್ನು ಸುಗ್ಗಿಯ ದಿನಗಳನ್ನು ನೆನೆಯಿರಿ. ಹಾವೇರಿ ಜಿಲ್ಲೆಯ ರಸ್ತೆಗಳ ಮೇಲೆ ಗೋವಿನಜೋಳ ಒಣಹಾಕಿರುತ್ತಾರೆ. ಕಾಳಿನ ಮೇಲೆ ಟೈರು ಓಡುವುದು ಗೋಲಿಗಳ ಮೇಲೆ ಕಾಲಿಟ್ಟ ಹಾಗೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ಎರೆಮಣ್ಣು ತಂದು ರಸ್ತೆಗೆ ಮೆತ್ತುತ್ತವೆ. ಅಲ್ಲಿ 241 ಕೆಜಿಯ ಬೈಕೂ ಜಾರುತ್ತದೆ, 120 ಕೆಜಿಯದೂ ಜಾರುತ್ತದೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ಗಾಲಿ ಕಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ, ಆದರೆ ಕಾಳು-ಮಣ್ಣಿನ ಮೇಲೆ ನಿಲ್ಲುವ ದೂರ ಅದರಿಂದ ಕಡಿಮೆಯಾಗುವುದಿಲ್ಲ, ಕೆಲವೊಮ್ಮೆ ಹೆಚ್ಚೇ ಆಗಬಹುದು.

ಭಾರ ತಿಳಿಯುವುದು ನಿಂತಾಗ

ಓಡುವಾಗ ಮರೆತುಹೋಗುವ ತೂಕ ನಿಂತಾಗ ನೆನಪಾಗುತ್ತದೆ. ಬೈಕಿನ ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ನೀವು ಹ್ಯಾಂಡಲ್ ಹಿಡಿದಿರುವುದು ಒಂದು ಮೀಟರ್ ಎತ್ತರದಲ್ಲಿ ಎಂದುಕೊಳ್ಳಿ. 241 ಕೆಜಿಯ ಬೈಕ್ 10 ಡಿಗ್ರಿ ವಾಲಿದರೆ ನೀವು ಸುಮಾರು 20 ಕೆಜಿಯಷ್ಟು ಬಲ ಹಾಕಿ ತಡೆಯಬೇಕು. 30 ಡಿಗ್ರಿ ವಾಲಿದರೆ ಅದು 60 ಕೆಜಿ. ಹಿಂದೆ ಒಬ್ಬರು ಕೂತಿದ್ದರೆ ಇನ್ನೂ ಹೆಚ್ಚು. ಇಳಿಜಾರಿನಲ್ಲಿ ನಿಲ್ಲಿಸುವಾಗ, ಕಿರಿದಾದ ಓಣಿಯಲ್ಲಿ ತಿರುಗಿಸುವಾಗ, ಜಲ್ಲಿಕಲ್ಲಿನ ಮೇಲೆ ಕಾಲೂರುವಾಗ ದೊಡ್ಡ ಬೈಕುಗಳು ಬೀಳುವುದು ಈ ಕಾರಣಕ್ಕೆ. ತಗ್ಗಿನ ಸೀಟು ಕಾಲು ನೆಲಕ್ಕೆ ಮುಟ್ಟಿಸುತ್ತದೆ, ತೂಕವನ್ನು ಇಳಿಸುವುದಿಲ್ಲ.

ಯುರೋಪಿನಲ್ಲಿ ಇದಕ್ಕೆಂದೇ ಲೈಸೆನ್ಸ್ ಹಂತ ಹಂತವಾಗಿದೆ. ಮಧ್ಯದ ಹಂತದ ಲೈಸೆನ್ಸ್‌ಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿಯ ಮಿತಿಯಿದೆ. ನಮ್ಮಲ್ಲಿ ಗೇರ್ ಇರುವ ಬೈಕಿನ ಲೈಸೆನ್ಸ್ ಒಂದೇ. 100 ಸಿಸಿ ಬೈಕಿನಲ್ಲಿ ಪರೀಕ್ಷೆ ಕೊಟ್ಟ 18ರ ಹುಡುಗ 1833 ಸಿಸಿಯ ಹೋಂಡಾ ಗೋಲ್ಡ್ ವಿಂಗ್ ಕೂಡ ಓಡಿಸಬಹುದು. ಕಾನೂನು ಕೇಳದ ತಯಾರಿಯನ್ನು ನಾವೇ ಮಾಡಿಕೊಳ್ಳಬೇಕು.

ತಗ್ಗಿನ ಸೀಟಿನ ಇನ್ನೊಂದು ಮುಖ

ಸೀಟು ತಗ್ಗಿಸಲು ಸಾಮಾನ್ಯವಾಗಿ ಸಸ್ಪೆನ್ಷನ್ ಕುಗ್ಗುವ ಜಾಗ ಮತ್ತು ನೆಲದಿಂದ ಇರುವ ಎತ್ತರ ಎರಡನ್ನೂ ಕಡಿಮೆ ಮಾಡಬೇಕಾಗುತ್ತದೆ. ಮೀಟಿಯರ್ 350 ನೆಲದಿಂದ 170 ಮಿ.ಮೀ. ಎತ್ತರದಲ್ಲಿದೆ, ಸೂಪರ್ ಮೀಟಿಯರ್ 135 ಮಿ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದನ್ನು ಎರಡೂ ಬೈಕುಗಳು ದಾಟುತ್ತವೆ. ಆದರೆ ಹಳ್ಳಿಯ ಹಂಪ್‌ಗಳು ಅಷ್ಟು ಅಗಲವಾಗಿ, ಇಳಿಜಾರಾಗಿ ಇರುತ್ತವೆಯೇ? ಕಡಿದಾದ ಹಂಪ್ ಮೇಲೆ ಗಾಲಿಗಳ ಅಂತರ ಹೆಚ್ಚಿರುವ ಬೈಕಿನ ಹೊಟ್ಟೆ ಬೇಗ ತಾಗುತ್ತದೆ.

ಕಾಲು ಮುಂದಕ್ಕೆ ಚಾಚಿ ಕೂತರೆ ಮಂಡಿಗೆ ಹಿತ. ಆದರೆ ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಏಟನ್ನು ಕಾಲಿಗೆ ತೆಗೆದುಕೊಳ್ಳುವುದು ಕಷ್ಟ. ಏಟು ನೇರ ಬೆನ್ನುಮೂಳೆಯ ಬುಡಕ್ಕೆ ಹೋಗುತ್ತದೆ. ಸೊಂಟನೋವು ಇರುವವರು ಇದನ್ನು ಯೋಚಿಸಿಯೇ ಮುಂದೆ ಹೋಗಬೇಕು.

350 ಸಿಸಿಯ ಗೆರೆ

ಹಣದ ಲೆಕ್ಕದಲ್ಲಿ 350 ಸಿಸಿ ಒಂದು ದೊಡ್ಡ ಗೆರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ದರ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, ಅದರಾಚೆಗೆ 2,804 ರೂಪಾಯಿ. ಹೊಸ ಬೈಕಿಗೆ ಐದು ವರ್ಷದ್ದನ್ನು ಒಮ್ಮೆಗೇ ಕಟ್ಟಬೇಕು. ಟೈರು, ಪೆಟ್ರೋಲು, ಬಿಡಿಭಾಗಗಳ ಖರ್ಚೂ ಇದೇ ದಿಕ್ಕಿನಲ್ಲಿ ಏರುತ್ತದೆ. ಇಷ್ಟು ಕೊಟ್ಟರೂ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ. ಅಲ್ಲಿ ಸಿಸಿ ಎಷ್ಟೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ವರ್ಷದಲ್ಲಿ ಎಷ್ಟು ದಿನ ಹೆದ್ದಾರಿ, ಎಷ್ಟು ದಿನ ಊರ ರಸ್ತೆ ಎಂದು ಮೊದಲು ಬರೆದುಕೊಳ್ಳಿ. ಗುತ್ತಲದಿಂದ ಹಾವೇರಿಗೆ ಕೆಲಸಕ್ಕೆ ಹೋಗಿಬರುವುದು, ಭಾನುವಾರ ಚೌಡದಾನಪುರ, ಗಳಗನಾಥದ ಕಡೆ ಸುತ್ತುವುದು, ವರ್ಷಕ್ಕೊಂದೆರಡು ಸಲ ಗೋವಾ. ನಿಮ್ಮ ಲೆಕ್ಕ ಹೀಗಿದ್ದರೆ 350 ಸಿಸಿಯ ಕ್ರೂಸರ್ ಧಾರಾಳವಾಗಿ ಸಾಕು. ತಿಂಗಳಿಗೊಮ್ಮೆ ಇಬ್ಬರು ಕೂತು ಸಾಮಾನು ಹೇರಿ ನೂರಾರು ಕಿ.ಮೀ. ಹೋಗುವವರಿಗೆ 650 ಸಿಸಿ ಕೊಡುವ ಆರಾಮ ನಿಜವಾದದ್ದು.

ಹಣ ಕಟ್ಟುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ ಬೈಕನ್ನು ತಳ್ಳಿಕೊಂಡು ನಿಮ್ಮ ಅಂಗಳದಷ್ಟೇ ಜಾಗದಲ್ಲಿ ತಿರುಗಿಸಿ ನೋಡಿ. ಯಾವಾಗಲೂ ಹಿಂದೆ ಕೂರುವವರನ್ನು ಕರೆದೊಯ್ದು ಕೂರಿಸಿ, ಅವರ ಮಾತು ಕೇಳಿ. ಶೋರೂಮ್ ಸುತ್ತ ಒಂದು ಸುತ್ತು ಹಾಕಿ ಮುಗಿಸದೆ ಹಂಪ್, ಗುಂಡಿ ಇರುವ ರಸ್ತೆಯಲ್ಲಿ ಓಡಿಸಲು ಕೇಳಿ. ಸರ್ವಿಸ್ ಕೇಂದ್ರ ಎಷ್ಟು ದೂರ, ಟೈರು ಟ್ಯೂಬ್‌ಲೆಸ್ ಹೌದೇ ಎಂದು ವಿಚಾರಿಸಿ. ಟ್ಯೂಬ್ ಇರುವ ಟೈರು ಪಂಕ್ಚರ್ ಆದರೆ ಗಾಲಿ ಬಿಚ್ಚಬೇಕು, ಟ್ಯೂಬ್‌ಲೆಸ್ ಆದರೆ ನಿಂತಲ್ಲೇ ಪ್ಲಗ್ ಹಾಕಬಹುದು.

ಕೊನೆಯದಾಗಿ, ಉಳಿದ ಹಣದಲ್ಲಿ ಎರಡು ಒಳ್ಳೆಯ ಐಎಸ್‌ಐ ಹೆಲ್ಮೆಟ್ ಕೊಳ್ಳಿ. ಒಂದು ನಿಮಗೆ, ಇನ್ನೊಂದು ಹಿಂದೆ ಕೂರುವವರಿಗೆ. ಬಿದ್ದಾಗ ತಲೆ ಕಾಯುವುದು ಅದೇ, ಬೈಕಿನ ತೂಕವಲ್ಲ.