ಹೊಸ ಬ್ಯಾಟರಿಯ ಸಂಶೋಧನೆ ಮತ್ತು ಕೊಟ್ಟಿಗೆಯ ಹಳೆಯ ಬ್ಯಾಟರಿ



ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಗದಗ, ಶಿರಹಟ್ಟಿ, ಮುಂಡರಗಿ ಭಾಗದವರಿಗೆ ಹೊಸವಲ್ಲ. ಮುಂಗಾರಿನಲ್ಲಿ ಅವು ಭರದಿಂದ ತಿರುಗುತ್ತವೆ, ಗಾಳಿ ಬಿದ್ದರೆ ನಿಲ್ಲುತ್ತವೆ. ಸೌರ ಫಲಕಗಳು ಬಿಸಿಲಿದ್ದಾಗ ಮಾತ್ರ ವಿದ್ಯುತ್ ಕೊಡುತ್ತವೆ. ಆದರೆ ನಾವು ಹಾಲು ಹಿಂಡುವುದು ನಸುಕಿನಲ್ಲಿ ಮತ್ತು ಸಂಜೆ. ಆ ಹೊತ್ತಿಗೇ ಸಂಘದ ತೂಕದ ಯಂತ್ರ, ಫ್ಯಾಟ್ ಯಂತ್ರ ನಡೆಯಬೇಕು. ಶೀತಲೀಕರಣ ಘಟಕ ಹಾಲನ್ನು 4 ಡಿಗ್ರಿಗೆ ಇಳಿಸಬೇಕು. ಬಂದಾಗ ಬಂದ ವಿದ್ಯುತ್ತನ್ನು ಬೇಕಾದಾಗ ಬಳಸಲು ಕೂಡಿಡುವ ಸಾಧನವೇ ಬ್ಯಾಟರಿ. ಆದುದರಿಂದ ಈ ಸಂಶೋಧನೆ ನಮಗೂ ಸಂಬಂಧಿಸಿದ್ದು.

ದೇಶದಲ್ಲಿ ನಡೆದಿರುವ ಪ್ರಯತ್ನ

ಇನ್ವರ್ಟರ್ ಮತ್ತು ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಬೆಲೆ ಕಡಿಮೆ, ಆದರೆ ಬಹಳ ಭಾರ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ.

ಇದಕ್ಕಿಂತ ಉತ್ತಮವಾದುದನ್ನು ಕಂಡುಹಿಡಿಯಲು ನಮ್ಮ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿ ಬ್ಯಾಟರಿಗಳ ಅಭ್ಯಾಸ ನಡೆಯುತ್ತಿದೆ. ತಾನು ಬಾಹ್ಯಾಕಾಶ ಕಾರ್ಯಕ್ಕೆಂದು ರೂಪಿಸಿದ ಲಿಥಿಯಂ-ಅಯಾನ್ ಕೋಶದ ತಂತ್ರಜ್ಞಾನವನ್ನು ಇಸ್ರೋ 2018ರಲ್ಲಿ ದೇಶದ ಉದ್ಯಮಗಳಿಗೆ ಕೊಡಲು ಮುಂದೆ ಬಂದಿತು. ಸುಧಾರಿತ ಬ್ಯಾಟರಿಗಳನ್ನು ಇಲ್ಲಿಯೇ ತಯಾರಿಸಲು ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು.

ಆದರೆ ಲಿಥಿಯಂಗೆ ನಾವು ಹೊರದೇಶಗಳನ್ನೇ ನೆಚ್ಚಬೇಕಾಗಿದೆ. ಸೋಡಿಯಂ ಹಾಗಲ್ಲ, ಅದು ಅಡಿಗೆ ಉಪ್ಪಿನಲ್ಲಿಯೇ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆರು ನಿಮಿಷಗಳಲ್ಲಿ ಶೇಕಡಾ 80ರಷ್ಟು ಚಾರ್ಜ್ ಆಗುವ, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದಾದ ಸೋಡಿಯಂ-ಅಯಾನ್ ಬ್ಯಾಟರಿಯ ವಿವರವನ್ನು 2025ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಿಂದ ಅಂಗಡಿಗೆ ಬರಲು ಇಂಥವುಗಳಿಗೆ ಕಾಲ ಬೇಕು.

ಪಶುವೈದ್ಯರಿಗೇಕೆ ಈ ಮಾತು?

ಲಿಥಿಯಂ ಮತ್ತು ಸೋಡಿಯಂ ಬ್ಯಾಟರಿಗಳಲ್ಲಿ ಸೀಸವಿರುವುದಿಲ್ಲ. ಅವು ಬಳಕೆಗೆ ಬರುವವರೆಗೆ ನಮ್ಮ ಮನೆಗಳಲ್ಲಿರುವುದು ಸೀಸದ ಬ್ಯಾಟರಿ. ಅದು ಕೆಟ್ಟ ಮೇಲೆ ಕೊಟ್ಟಿಗೆಯ ಮೂಲೆಯನ್ನೋ ತಿಪ್ಪೆಯನ್ನೋ ಸೇರುತ್ತದೆ. ಒಡೆದ ಬ್ಯಾಟರಿಯ ಫಲಕಗಳನ್ನು ದನಗಳು ಆಸೆಯಿಂದ ನೆಕ್ಕುತ್ತವೆ. ಎಳೆಗರುಗಳಿಗಂತೂ ಎಲ್ಲವನ್ನೂ ಬಾಯಿಗೆ ಹಾಕುವ ಚಟ. ನುಂಗಿದ ಸೀಸದ ಚೂರು ಹೊಟ್ಟೆಯ ಜಾಲರಿ ಕೋಶದಲ್ಲಿ ಕುಳಿತು ನಿಧಾನವಾಗಿ ಕರಗಿ ರಕ್ತ ಸೇರುತ್ತದೆ.

ವಿಷಬಾಧೆಯ ಲಕ್ಷಣಗಳು: ಕಣ್ಣು ಕಾಣದಿರುವುದು, ಹಲ್ಲು ಕಡಿಯುವುದು, ಕಿವಿ ಹಾಗೂ ರೆಪ್ಪೆ ಅದುರುವುದು, ಬಾಯಲ್ಲಿ ನೊರೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಮೆಲುಕು ನಿಲ್ಲುವುದು, ಸೆಳೆತ. ಕರುಗಳು ಒಂದೇ ದಿನದಲ್ಲಿ ಸಾಯಬಹುದು. ಹುಚ್ಚುನಾಯಿ ರೋಗದಲ್ಲಿಯೂ ಇವುಗಳಲ್ಲಿ ಕೆಲವು ಕಾಣುವುದರಿಂದ ಬರಿಗೈಯನ್ನು ಬಾಯಲ್ಲಿ ಹಾಕಬಾರದು. ಕೂಡಲೇ ಪಶುವೈದ್ಯರನ್ನು ಕರೆಸಿ, ಹತ್ತಿರದಲ್ಲಿ ಬ್ಯಾಟರಿ ಇತ್ತೆಂಬುದನ್ನು ತಪ್ಪದೆ ತಿಳಿಸಿರಿ. ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿ ಇದೆ. ಆದರೆ ತಡವಾದರೆ ಫಲ ಸಿಗುವುದು ಕಷ್ಟ. ಸೀಸ ಹಾಲಿನಲ್ಲಿಯೂ ಬರುತ್ತದೆ. ಆದ್ದರಿಂದ ವೈದ್ಯರು ಹೇಳುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು.

ಸದಸ್ಯರು ಮಾಡಬೇಕಾದುದು

1. ಹಳೆಯ ಬ್ಯಾಟರಿಯನ್ನು ಕೊಟ್ಟಿಗೆ, ಗ್ವಾದಲಿ, ಕಣಕಿ ಬಣವೆಗಳ ಹತ್ತಿರ ಇಡಬೇಡಿರಿ.

2. ಮನೆಯಲ್ಲಿ ಒಡೆದು ಸೀಸ ತೆಗೆಯಬೇಡಿರಿ, ಸುಡಬೇಡಿರಿ. ಬೂದಿ ಬಿದ್ದ ಜಾಗದ ಹುಲ್ಲೂ ವಿಷವೇ.

3. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಮರಳಿಸಿ ಬೆಲೆಯಲ್ಲಿ ಕಡಿತ ಕೇಳಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆ ತಯಾರಕರ ಜವಾಬ್ದಾರಿ.

4. ಸಂಘದ ಕಾರ್ಯದರ್ಶಿಗಳು ಇನ್ವರ್ಟರ್ ಬ್ಯಾಟರಿಯ ನೀರಿನ ಮಟ್ಟವನ್ನು ಆಗಾಗ ನೋಡಿ, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾಳಿಕೆ ಹೆಚ್ಚಿದಷ್ಟೂ ಕೆಟ್ಟ ಬ್ಯಾಟರಿಗಳ ಸಂಖ್ಯೆ ಕಡಿಮೆ.

ವಿಜ್ಞಾನಿಗಳು ತಮ್ಮ ಕೆಲಸ ಮಾಡುತ್ತಿದ್ದಾರೆ. ಹೊಸ ಬ್ಯಾಟರಿ ಬರುವವರೆಗೆ ಹಳೆಯದನ್ನು ದನಗಳ ಬಾಯಿಗೆ ಸಿಗದಂತೆ ಇಡುವುದು ನಮ್ಮ ಕೆಲಸ. ಇಂದೇ ನಿಮ್ಮ ಕೊಟ್ಟಿಗೆಯ ಮೂಲೆಗಳನ್ನು ಒಮ್ಮೆ ನೋಡಿರಿ.